ಅಕ್ಕ ಕರೆದಾಗ

ಮೂರು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ ಹನ್ನೊಂದಕ್ಕೆ, ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಕಲ್ಯಾಣ ಮಂಟಪದ ಬಾಗಿಲಲ್ಲಿ, ಅಕ್ಕನಿಂದ ಮೂರು ಹೆಜ್ಜೆ ದೂರ ನಿಂತಿದ್ದೆ. ಕಣ್ಣು ಕಾಣದ ಅವಳನ್ನು ಟಿ.ವಿ. ಹಾಡಿನ ಸ್ಪರ್ಧೆಯ ಆಯ್ಕೆಗೆಂದು ಕಮಲಾಪುರದಿಂದ ಕರೆತಂದವನು ನಾನೇ. ಹೊರಗೆ ಹೋದಾಗಲೆಲ್ಲ ಅವಳು ನನ್ನ ಹೆಗಲು ಹಿಡಿದೇ ನಡೆಯುತ್ತಿದ್ದಳು.

"ನೀವು ಸ್ವಲ್ಪ ಸರೀರಿ ಸಾರ್. ಒಬ್ಬರೇ ತಡಕಾಡ್ಕೊಂಡು ಬರ್ಲಿ, ನೋಡೋರು ಅಳ್ಬೇಕು," ಎಂದ ಕ್ಯಾಮೆರಾದವನು. ನಾನು ಸರಿದೆ.

"ತಮ್ಮಾ, ಎಲ್ಲಿದ್ದೀಯೋ?" ಎನ್ನುತ್ತ ಅಕ್ಕ ಗಾಳಿಯಲ್ಲಿ ಕೈಯಾಡಿಸಿದಳು. ಬಂದ ಕೆಮ್ಮನ್ನು ಅಂಗೈಯಲ್ಲಿ ಅದುಮಿಕೊಂಡು ನಾನು ಅಲ್ಲೇ ನಿಂತೆ.

ಒಳಗೆ ಹೋದ ಮೇಲೆ ಅವಳು ಹಾಡಲೇ ಇಲ್ಲ. "ನೀ ಅಲ್ಲೇ ನಿಂತಿದ್ದಿ. ನಿನ್ನ ಕೆಮ್ಮು ನನಗ ಕೇಳಿಸ್ತು," ಎಂದಷ್ಟೇ ಹೇಳಿದಳು.

ಅಕ್ಕ ಈಗಿಲ್ಲ. ಆ ಬಾಗಿಲಲ್ಲಿ ನಡೆದದ್ದನ್ನು ಕಂಡ ನಮ್ಮ ಕಡೆಯವರು ಈಗ ಇಬ್ಬರೇ: ಜೊತೆಗೆ ಬಂದಿದ್ದ ತಬಲಾ ಬಾರಿಸುವ ಕಾಕಾ, ಮತ್ತೆ ನಾನು.