ನೀರಿನ ಕಂಪನಿಯ ಗುಮಾಸ್ತ

ಗಾಜಿಪುರದ ನಮ್ಮ ನೆರೆಯವರು ಒಂದೇ ಆಟೊದಲ್ಲಿ ನೀರಿನ ಕ್ಯಾನು ಹಂಚುತ್ತಿದ್ದಾಗ, ಫೋನೆತ್ತಿದೊಡನೆ “ಚಿಂತಿ ಬ್ಯಾಡ್ರಿ, ನಾ ಅದೀನಿ” ಎನ್ನುತ್ತಿದ್ದರು. ಕಂಪನಿ ಬೆಳೆದು ಸೇಡಂ ರಸ್ತೆಯಲ್ಲಿ ಕಚೇರಿಯಾದ ಮೇಲೆ, ಮಾಲೀಕರೇ ಫೋನೆತ್ತುವುದು ಶೋಭಿಸದೆಂದು ಮ್ಯಾನೇಜರ್ ತಡೆದರು. “ಕಂಪನಿ ದೊಡ್ಡದಾತ್ರಿ ಸರ, ಹಳೆ ಚಾಳಿ ಹೋಗವಲ್ದು,” ಎಂದು ನೆರೆಯವರು ನನ್ನೆದುರು ನಗುತ್ತಿದ್ದರು.

ಕಮಲಾಪುರದಲ್ಲಿ ನನ್ನ ಮಗಳ ಮದುವೆಯ ದಿನ, ಅವರ ಕಂಪನಿಗೆ ಹೇಳಿದ್ದ ನೀರು ಬರಲಿಲ್ಲ. ಗಾಬರಿಯಿಂದ ಕಚೇರಿಗೆ ಫೋನು ಮಾಡಿದೆ.

“ಸಾಹುಕಾರ್ರು ಮೀಟಿಂಗ್‌ದಾಗ ಅದಾರ್ರಿ. ನಾ ಗುಮಾಸ್ತ,” ಎಂದಿತು, ಮೂಗು ಹಿಡಿದು ಮಾತಾಡಿದಂತಿದ್ದ ಪರಿಚಿತ ದನಿ.

“ಗುಮಾಸ್ತರ, ಇನ್ನೊಂದು ತಾಸಿನಾಗ ಬೀಗರು ಊಟಕ್ಕ ಕೂಡ್ತಾರ. ಒಂದ್ ಕ್ಯಾನೂ ಬಂದಿಲ್ಲ!”

ಮೂಗು ಬಿಟ್ಟ ಅದೇ ದನಿ ಕೇಳಿತು: “ಚಿಂತಿ ಬ್ಯಾಡ್ರಿ ಸರ, ನಾ ಅದೀನಿ!”

ಎಲೆ ಹಾಕುವಷ್ಟರಲ್ಲಿ ಗಾಡಿ ಬಂತು. ಇಸ್ತ್ರಿಯ ಅಂಗಿಯ ತೋಳು ಮಡಚಿಕೊಂಡು, ಹೆಗಲಿಗೆ ಕ್ಯಾನೇರಿಸಿ ಸಾಹುಕಾರರೇ ಇಳಿದರು.

“ಮೀಟಿಂಗ್ ಮುಗೀತೇನ್ರಿ?”

“ಮುಗೀತ್ರಿ ಸರ. ಆ ಗುಮಾಸ್ತನ್ನ ತೆಗೆದೇ ಬಿಟ್ಟೀನಿ. ಭಾಳ ಸುಳ್ಳ ಹೇಳ್ತಿದ್ದ.”