ಕೆರೆ ಎಂದು ಬರೆದ ಹಲಗೆ

ಜೆಸಿಬಿ ಶಾಲೆಯ ಕಾಂಪೌಂಡ್ ಕೆಡವಬಹುದಿತ್ತು. ಹೂಳಿನಲ್ಲಿ ಹಾವು ಸಿಗಬಹುದಿತ್ತು, ಸಿಕ್ಕರೆ ನನ್ನ ಮಗಳ ಕಾಲ ಬುಡದಲ್ಲೇ ಸಿಗುತ್ತಿತ್ತು. ಮಳೆ ಬಾರದಿರಬಹುದಿತ್ತು. ಬಂದು, ಏರಿ ಒಡೆದು, ನೀರು ಪಕ್ಕದ ಮನೆಗಳಿಗೆ ನುಗ್ಗಿ, ಪೊಲೀಸರು ಬಂದು, ಅವರಿಗೆ ನಾನು ಗಾಬರಿಯಲ್ಲಿ ಕನ್ನಡದಲ್ಲೇ ಉತ್ತರ ಕೊಟ್ಟುಬಿಡಬಹುದಿತ್ತು. ಏನೂ ಆಗದೆ ಕೆರೆ ತುಂಬಿದರೆ, ಯಾರಾದರೂ ಅದರಲ್ಲಿ ಬೀಳಬಹುದಿತ್ತು.

ಕೆರೆಯೆಂದರೆ ಅಂಥ ದೊಡ್ಡದೇನಲ್ಲ. ನಾಗಪುರದಿಂದ ಕನ್ಹಾನ್ ಕಡೆ ಹೋಗುವ ರಸ್ತೆಯಲ್ಲಿ, ಮಗಳ ಶಾಲೆಯ ಹಿಂದೆ ಹೂಳು ತುಂಬಿಕೊಂಡಿದ್ದ ತಗ್ಗು. ಅದನ್ನು ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡಬೇಕೆಂದು ಶಾಲೆಯ ಸಮಿತಿ ಹೊರಟಿತ್ತು. ವಿಜ್ಞಾನದ ಮ್ಯಾಡಮ್ ಒಂದು ಮಳೆಗಾಲದ ಅವಕಾಶ ಕೇಳಿಕೊಂಡರು. ನೀರು ನಿಂತರೆ ಕೆರೆ, ಇಲ್ಲದಿದ್ದರೆ ಪಾರ್ಕಿಂಗ್ ಎಂದರು ಅಧ್ಯಕ್ಷರು. ಮಕ್ಕಳು ತಮ್ಮೂರಿನ ನೀರಿನ ದಾರಿ ಕಲಿಯಲಿ, ಕೆಟ್ಟಿದ್ದರೆ ತಾವೇ ಸರಿಪಡಿಸಲಿ ಎಂದು ಶಾಲೆಗಳಿಗೆ ಕೊಡುವ ಸಣ್ಣ ಅನುದಾನವೊಂದನ್ನು ಮ್ಯಾಡಮ್ ಓಡಾಡಿ ತಂದಿದ್ದರು. ಅದು ಹೂಳೆತ್ತುವುದಕ್ಕೆ ಸರಿಹೋಯಿತು. ಮಿಕ್ಕ ಕೆಲಸಕ್ಕೆ ಪಾಲಕರನ್ನು ಕರೆದರು. ನಾನು ಲಾರಿ ಟ್ಯೂಬೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.

“ಕೆರಿಯಾಗ ಹನಿ ನೀರಿಲ್ಲ. ಯಾರನ್ನ ತೇಲಸ್ಲಿಕ್ಕೆ ಹೊಂಟೀರಿ?” ಎಂದಳು ಹೆಂಡತಿ.

“ನೀರು ಬಂದ್ರ?”

“ಬಂದ್ರ ಚಲೋನ ಆತಲ್ರಿ! ಅದಕ್ಕs ಹೋಗಾಕತ್ತೀರಿ!”

ಮೊದಲ ಮಳೆಯ ದಿನ ಮ್ಯಾಡಮ್ ಮಕ್ಕಳಿಗೆಲ್ಲ ಒಂದೊಂದು ಹಿಡಿ ಚುರುಮುರಿ ಕೊಟ್ಟು, ಚಾವಣಿಯ ನೀರು ಬೀಳುವಲ್ಲಿ ಚೆಲ್ಲಿಸಿದರು. ಅದರ ಹಿಂದೆ ನಾವೆಲ್ಲ ಓಡಿದೆವು. ಕೆರೆಯತ್ತ ಹೊರಟ ಚುರುಮುರಿ ಸ್ಕೂಟರ್ ನಿಲ್ಲಿಸುವ ಸಿಮೆಂಟ್ ಕಟ್ಟೆಗೆ ಬಡಿದು, ತಿರುಗಿ, ಗಟಾರ ಸೇರಿತು. ಮುಗಿಯಿತು, ಪಾರ್ಕಿಂಗೇ ಗತಿ ಅಂದುಕೊಂಡೆ.

“ನೀರು ಎಲ್ಲಿ ದಾರಿ ತಪ್ಪಿತು?” ಎಂದು ಮ್ಯಾಡಮ್ ಮರಾಠಿಯಲ್ಲಿ ಕೇಳಿದರು.

ಎಲ್ಲ ಬೆರಳುಗಳೂ ಕಟ್ಟೆ ತೋರಿಸಿದವು. ಅದರ ಮೇಲೆ ನಿಂತಿದ್ದದ್ದು ಅಧ್ಯಕ್ಷರ ಸ್ಕೂಟರ್. ನಾನಾಗಿದ್ದರೆ ಮಕ್ಕಳ ಬೆರಳು ಕೆಳಗಿಳಿಸಿ ಮನೆಗೆ ಕಳಿಸುತ್ತಿದ್ದೆ. ಮ್ಯಾಡಮ್ ಹೋಗಿ ಅಧ್ಯಕ್ಷರನ್ನೇ ಕರೆತಂದು, ಅವರ ಅಂಗೈಗೂ ಚುರುಮುರಿ ಸುರಿದರು.

“ಸಾಹೇಬ್, ನೀವೂ ಹಾಕಿ ನೋಡಿ.”

ಅವರು ಸ್ವಲ್ಪ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನೀರಿಗೆ ಬಿಟ್ಟರು. ಅದು ಗಟಾರ ಸೇರುವವರೆಗೆ ನೋಡುತ್ತ ನಿಂತರು. ಆಮೇಲೆ ಹೋಗಿ ಕಟ್ಟೆಯ ಮೇಲಿಂದ ಸ್ಕೂಟರ್ ತೆಗೆದರು. ಮುಂದಿನ ರವಿವಾರ ಕಟ್ಟೆ ಸೀಳಿ ಕಾಲುವೆ ಮಾಡಿದೆವು. ಒಬ್ಬ ಮನುಷ್ಯನನ್ನು ಜಗಳವಿಲ್ಲದೆ ಹೀಗೂ ಒಪ್ಪಿಸಬಹುದೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ನನ್ನ ಮುಖ ನೋಡಿಯೇ ಇರಬೇಕು, ಮ್ಯಾಡಮ್ ನನಗೆ ಅಪಾಯವಿಲ್ಲದ ಕೆಲಸ ಕೊಟ್ಟರು. ದಂಡೆಯ ಮೇಲೆ ನಿಲ್ಲಿಸಲು ಮಕ್ಕಳು ಹಲಗೆಗಳನ್ನು ಮಾಡುತ್ತಿದ್ದರು. ಅವರವರ ಮನೆಮಾತಿನಲ್ಲಿ ಕೆರೆಗೆ ಏನನ್ನುತ್ತಾರೋ ಅದನ್ನು ಎಲ್ಲರೂ ಓದುವಂತೆ ದೇವನಾಗರಿಯಲ್ಲಿ ಬರೆಯಬೇಕು. ಮರಾಠಿಯ ತಳೇ, ಹಿಂದಿಯ ತಾಲಾಬ್, ತೆಲುಗಿನ ಚೆರುವು ಆಗಲೇ ಸಿದ್ಧವಾಗಿದ್ದವು. ಕನ್ನಡದ್ದು ನನ್ನ ಪಾಲಿಗೆ ಬಂತು. ಮೋಡ ಕಟ್ಟುತ್ತಿತ್ತು. ಬಣ್ಣ ಒಣಗುವ ಮೊದಲೇ ಮಳೆ ಬಂದರೆ ಎಂದು ಹೆದರಿ ಅವಸರದಲ್ಲಿ ಬರೆದು ಮುಗಿಸಿದೆ.

ಮಳೆ ಬಂತು. ಎರಡು ದಿನ ಬಿಡದೆ ಹೊಡೆಯಿತು. ಸೋಮವಾರ ಬೆಳಿಗ್ಗೆ ಟ್ಯೂಬ್ ಸಮೇತ ಹೋದೆ. ಏರಿ ಗಟ್ಟಿಯಾಗಿತ್ತು. ಕೆರೆಯಲ್ಲಿ ದಂಡೆಯಿಂದ ದಂಡೆಗೆ ಕೆಂಪು ನೀರು. ಅಧ್ಯಕ್ಷರು ಕೊಡೆ ಹಿಡಿದು ನಿಂತಿದ್ದರು.

“ರಾಹೂ ದ್ಯಾ,” ಎಂದರು. ಕೆರೆ ಇರಲಿ ಬಿಡಿ ಎಂದು. ಮ್ಯಾಡಮ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೀರನ್ನೇ ನೋಡಿದರು.

ಅಷ್ಟರಲ್ಲಿ ನನ್ನ ಹಲಗೆ ಕಂಡಿತು. ಅದರ ಕೆಳಗೆ ತರಗತಿಗಳ ಕಸವೆಲ್ಲ ನೀಟಾಗಿ ಗುಡ್ಡೆಯಾಗಿತ್ತು. ಶಾಲೆ ಗುಡಿಸುವ ಮೌಶಿ ಬುಟ್ಟಿ ಕೊಡವುತ್ತಿದ್ದರು.

“ಇಲ್ಲಿ ಯಾಕೆ ಹಾಕಿದಿರಿ, ಮೌಶಿ?”

“ನೀವೇ ಬರೆದಿದ್ದೀರಲ್ಲ, ಭಾವೂ!”

ತಲೆಯೆತ್ತಿ ನೋಡಿದೆ. ಕೊನೆಯ ಅಕ್ಷರದ ತಲೆಯ ಮೇಲಿನ ಎತ್ವದ ಗೆರೆ ಮಳೆಗೆ ತೊಳೆದುಹೋಗಿ, ‘ಕೆರೆ’ಯಲ್ಲಿ ‘ಕೇರ್’ ಮಾತ್ರ ಉಳಿದಿತ್ತು. ಮರಾಠಿಯಲ್ಲಿ ಹಾಗೆಂದರೆ ಕಸ.