ಟಾರ್ಚಕ್ಕ ಕಟ್ಟಿದ ರಾಜಿ

ನನ್ನ ಹಿರಿಯ ಓರಗಿತ್ತಿಯನ್ನು ಊರೆಲ್ಲ ಟಾರ್ಚಕ್ಕ ಎಂದೇ ಕರೆಯುವುದು. ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲಿನಿಂದಲೂ ಅವಳಿಗೆ ಟಾಕೀಸಿನಲ್ಲಿ ಕೆಲಸ. ಕತ್ತಲಲ್ಲಿ ತಡವರಿಸುವವರ ಟಿಕೆಟ್ ಹರಿದು, ಟಾರ್ಚು ಹಿಡಿದು ಸೀಟು ತೋರಿಸಬೇಕು. "ಕಾಲು ಮಡಚ್ಕೊಳ್ಳಪ್ಪ, ಇದೇನು ನಿಮ್ಮ ಮಾವನ ಮನೇನಾ?" ಎಂದು ಅವಳು ಗದರಿದರೆ ಬೈಸಿಕೊಂಡವರೂ ನಗುತ್ತಿದ್ದರು.

ಶಾಲೆಗೆ ರಜೆ ಬಂದಾಗಲೆಲ್ಲ ಅಲ್ಲಿ ಒಂದೇ ಹಳೇ ಸಿನಿಮಾ ಹಾಕುತ್ತಾರೆ. ಬಟ್ಟೆ ಹೊಲಿಯುವ ತಾಯಿ, ಜಗಳವಾಡಿ ಬೇರೆಯಾಗುವ ಅವಳ ಇಬ್ಬರು ಗಂಡುಮಕ್ಕಳು, ಮಾತಿಗೊಂದು ಹಾಡು. ಅಜ್ಜಿಯ ಸೊಂಟದ ಮೇಲೆ ಕೂತು ನೋಡಿದ ಕೂಸುಗಳೇ ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತರುತ್ತಾರೆ. ಆದರೆ ಟಾಕೀಸಿನವರ ಸ್ವಂತದ ರೀಲು ಯಾವ ಕಾಲದಲ್ಲೋ ಒಂದು ಕಡೆ ಹರಿದು, ಅಷ್ಟು ಭಾಗವೇ ಇಲ್ಲವಾಗಿತ್ತು. ಮುಖ ತಿರುಗಿಸಿ ಹೋದ ಅಣ್ಣತಮ್ಮ ಕಣ್ಣು ಮಿಟುಕಿಸುವುದರೊಳಗೆ ಒಂದೇ ಸೈಕಲ್ಲಿನಲ್ಲಿ ನಗುತ್ತ ಬರುತ್ತಿದ್ದರು. ರಾಜಿ ಹೇಗಾಯಿತೆಂದು ಯಾರಿಗೂ ತಿಳಿಯದು.

ಆ ಜಾಗ ಬಂದಾಗ ಟಾರ್ಚಕ್ಕ ನಡುದಾರಿಯಲ್ಲಿ ನಿಂತು, ಬೆಳಕನ್ನು ತನ್ನ ಮುಖಕ್ಕೇ ಬಿಟ್ಟುಕೊಂಡು ಕೂಗುತ್ತಿದ್ದಳು: "ತಮ್ಮ ಹೋಗಿ ಅಣ್ಣನ ಕಾಲಿಗೆ ಬಿದ್ದ. ಅಣ್ಣ ಎತ್ತಿ ತಬ್ಕೊಂಡ. ಇಬ್ರೂ ಅತ್ರು. ಹ್ಞೂ, ಮುಂದೆ ನೋಡಿ!"

ಅಷ್ಟೂ ಅವಳೇ ಕಟ್ಟಿದ್ದು. ಜನಕ್ಕೆ ಮಾತ್ರ ಅದೂ ಸಿನಿಮಾವೇ ಆಗಿಹೋಗಿತ್ತು. ಮಕ್ಕಳು ಅವಳ ಜೊತೆಗೇ ಒದರುತ್ತಿದ್ದವು.

ಈ ರಜೆಗೆ ಮಾಲೀಕರು ಎಲ್ಲೂ ಹರಿಯದ ಹೊಸ ಪ್ರತಿ ತರಿಸಿದರು. ಸುದ್ದಿ ಕೇಳಿದ್ದೇ ಅವಳ ಮುಖ ಬಾಡಿತು.

"ನನ್ನ ಮಾತು ಇನ್ಯಾರಿಗೆ ಬೇಕು ಕಣೇ? ಸುಳ್ಳುಬುರುಕಿ ಅಂತ ನಗ್ತಾರೆ."

"ಅದಕ್ಕೆ ಹೆದರಿ ಮನೇಲಿ ಕೂರ್ತೀಯಾ ಅಕ್ಕ? ನಡಿ, ನಾನೂ ಬರ್ತೀನಿ" ಎಂದೆ.

ಟಾಕೀಸು ಕಿಕ್ಕಿರಿದಿತ್ತು. ಆ ಜಾಗ ಬಂತು. ತಾಯಿಯ ಮನೆಯ ಸೋರುವ ಮಾಡು ಸರಿಮಾಡಲು ಅಣ್ಣ ಯಾರಿಗೂ ಹೇಳದೆ ಏಣಿ ಹೊತ್ತು ಬಂದ. ಆಚೆ ಕಡೆಯಿಂದ ತಮ್ಮನೂ ಹಾಗೇ ಕದ್ದು ಹತ್ತಿದ. ಮಾಡಿನ ತುದಿಯಲ್ಲಿ ತಲೆಗೆ ತಲೆ ಡಿಕ್ಕಿ! ಕೆಳಗೆ ನಿಂತು ಬೈಯುತ್ತಿದ್ದ ತಾಯಿಯ ಬೈಗುಳವೇ ಹಾಡಾಯಿತು, ಅದರಲ್ಲೇ ರಾಜಿಯೂ ಆಗಿಹೋಯಿತು. ಯಾರೂ ಕಾಲಿಗೆ ಬೀಳಲಿಲ್ಲ, ಯಾರೂ ಅಳಲಿಲ್ಲ.

ಜನ ಪರದೆ ಬಿಟ್ಟು ಹಿಂದಕ್ಕೆ ತಿರುಗಿದರು. ಟಾರ್ಚಕ್ಕ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಟಾರ್ಚಕ್ಕಾ, ಇಷ್ಟು ವರ್ಷ ನಮ್ಮ ಕಿವಿ ಮೇಲೆ ಹೂವಿಟ್ಯಲ್ಲ!" ಬಾಲ್ಕನಿಯಿಂದ ಕ್ಷೌರದಂಗಡಿಯವನು ಕೂಗಿದ.

"ಸಿನಿಮಾದವರ ಅಡುಗೆ ಈಗ ಬೆಂದಿದೆ ಕಣೋ! ಅಲ್ಲೀತನಕ ನಿಮ್ಮನ್ನ ಉಪವಾಸ ಕೆಡವಿದ್ನಾ?"

ಸೂರು ಹಾರಿಹೋಗುವಂಥ ಚಪ್ಪಾಳೆ. ಸಿನಿಮಾ ಮುಗಿದ ಮೇಲೆ ಮುಂದಿನ ಸಾಲಿನ ಮುದುಕಿಯೊಬ್ಬಳು, "ನಿಂದೂ ಹೇಳು, ಇಲ್ಲಾಂದ್ರೆ ನಾನು ಏಳಲ್ಲ" ಎಂದು ಹಠ ಹಿಡಿದಳು. ಹೇಳಿಸಿಕೊಂಡೇ ಎದ್ದಳು.

ಮನೆಗೆ ಬರುವಾಗ ಟಾರ್ಚಕ್ಕ ದಾರಿಯುದ್ದಕ್ಕೂ ಗುನುಗುತ್ತಿದ್ದಳು. "ನಾಳೆಯಿಂದ ಆ ಬೈಗುಳದ ಹಾಡನ್ನ ಜನಕ್ಕೆ ನಾನೇ ಎತ್ತಿಕೊಡ್ತೀನಿ. ಎರಡನೇ ಸಾಲು ಏನೇ ಅದು?"

ನನಗೂ ನೆನಪಿರಲಿಲ್ಲ. ಮರುದಿನ ನಾನು ಮತ್ತೆ ಟಿಕೆಟ್ ತೆಗೆದುಕೊಂಡೆ.